ಹೊಸದುರ್ಗದ ಸೆಟ್ ಸುಮ್ಮನಿದ್ದ ಬೆಳಿಗ್ಗೆ

ಹವ್ಯಾಸಿ ರೇಡಿಯೋಗೆ ಜನರನ್ನು ಸೇರಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ ಎಂದು ನಾನು ಬಹಳ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಉಳಿಯದೆ ಹೋದವರೆಲ್ಲ ಶಿಸ್ತಿಲ್ಲದವರು ಎಂಬುದು ಆ ಮಾತಿನ ಹಿಂದಿದ್ದ ತೀರ್ಮಾನ. ತಪ್ಪು ನನ್ನ ಕಡೆಯೂ ಇರಬಹುದು ಎಂದು ಹೊಳೆಯಲು ಒಂದು ಕೆರೆ ಏರಿ ಕುಸಿಯಬೇಕಾಯಿತು.

ನಾನು ಚಿತ್ರದುರ್ಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಬಿಚ್ಚಿ, ಹಳೆ ತಂತಿ ಕಿತ್ತು, ಹೊಸ ತಂತಿ ಸುತ್ತುವುದು ಕೆಲಸ. ಸುತ್ತು ಎಣಿಸುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಮೈಯೆಲ್ಲ ಉರಿಯುತ್ತದೆ. ಲೆಕ್ಕ ತಪ್ಪಿದರೆ ಮೋಟಾರು ಹೊಗೆ ಹಾಕಿಕೊಂಡು ವಾರದೊಳಗೆ ವಾಪಸ್ ಬರುತ್ತದೆ. ಈ ಸ್ವಭಾವವನ್ನೇ ನಾನು ರೇಡಿಯೋಗೂ ತಂದೆ. ಲೈಸೆನ್ಸ್ ತೆಗೆದುಕೊಂಡು ಇಪ್ಪತ್ತು ವರ್ಷವಾಗಿತ್ತು, ಗುಡ್ಡದ ಮೇಲೆ ನಾನೇ ಜೋಡಿಸಿದ ಒಂದು ರಿಪೀಟರ್ ಇತ್ತು. ರಿಪೀಟರ್ ಎಂದರೆ ತಗ್ಗಿನಲ್ಲಿ ನಿಂತವನ ಸಣ್ಣ ಸೆಟ್ಟಿನ ದನಿಯನ್ನು ಹಿಡಿದು, ಅದೇ ಕ್ಷಣಕ್ಕೆ ದೊಡ್ಡದು ಮಾಡಿ ಸುತ್ತಲಿನ ತಾಲ್ಲೂಕುಗಳಿಗೆಲ್ಲ ಹರಡುವ ಪೆಟ್ಟಿಗೆ. ಬಿಸಿಲಿದ್ದರೆ ಸೋಲಾರ್ ಫಲಕದಿಂದ ಅದರ ಬ್ಯಾಟರಿ ತುಂಬುತ್ತದೆ.

ಒಂದು ಸಭೆಯಲ್ಲಿ ಜಿಲ್ಲೆಯ ಒಬ್ಬ ಅಧಿಕಾರಿ ಕೇಳಿದರು: ಕರೆಂಟು, ಮೊಬೈಲು ಎರಡೂ ಹೋದ ದಿನ ನೀವು ಹಳ್ಳಿಯಿಂದ ಸುದ್ದಿ ತರಿಸಬಲ್ಲಿರಾ? ನಾನು ಎದೆ ತಟ್ಟಿಕೊಂಡು ಹೂಂ ಅಂದೆ. ಆಗ ನನ್ನ ಬಳಿ ಇದ್ದದ್ದು ನಾನೊಬ್ಬನೇ.

ಮೊದಲು ಸಿರಿಗೆರೆಗೆ ಹೋಗಿ ವಿದ್ಯಾರ್ಥಿಗಳ ಮುಂದೆ ಸೆಟ್ ಹಿಡಿದು ತೋರಿಸಿದೆ. ಮೂವತ್ತು ಜನ ಹೆಸರು ಬರೆಸಿದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ, ನಾನು ಆ ಪಟ್ಟಿಯನ್ನು ಟೈಪ್ ಮಾಡಿಸಿ ಅಧಿಕಾರಿಯ ಮೇಜಿನ ಮೇಲೆ ಇಟ್ಟುಬಿಟ್ಟೆ. ಭಾನುವಾರ ಭಾನುವಾರ ಓಮ್‌ನ ನಿಯಮ, ಏರಿಯಲ್ ಉದ್ದದ ಲೆಕ್ಕ, ಕಾನೂನು ಎಲ್ಲ ಹೇಳಿಕೊಟ್ಟೆ. ಪರೀಕ್ಷೆ ಆಯಿತು, ಬಹಳ ಜನ ಪಾಸಾದರು. ಆದರೆ ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅದು ಬರುವ ಹೊತ್ತಿಗೆ ಅವರ ಓದು ಮುಗಿದು, ದಾವಣಗೆರೆ, ತುಮಕೂರು, ಎಲ್ಲೆಲ್ಲಿಗೋ ಚದುರಿಹೋಗಿದ್ದರು. ಪಟ್ಟಿ ಮಾತ್ರ ಮೇಜಿನ ಮೇಲೆ ಭದ್ರವಾಗಿತ್ತು.

ಎರಡನೇ ಸಲ ಹುಡುಕುವಾಗ ಬುದ್ಧಿ ಬಂದಿತ್ತು. ಓದಿನಲ್ಲಿ ಚುರುಕಾದವರು ಬೇಡ, ಬೆಳಗಾದರೆ ದಿನಾ ಅದೇ ಜಾಗದಲ್ಲಿ ಇರುವವರು ಬೇಕು ಅನ್ನಿಸಿತು. ಹಾಗೆ ಹುಡುಕಿ, ಬೈದು, ಬಿಟ್ಟುಹೋದವರು ಹೋಗಿ, ಕೊನೆಗೆ ನಿಂತವರು ಮೂವರು. ಹೊಸದುರ್ಗ ತಾಲ್ಲೂಕಿನಲ್ಲಿ ಕೆರೆ ಕೆಳಗಿನ ಒಂದು ಹಳ್ಳಿಯ ಹಾಲಿನ ಡೇರಿ ಸೆಕ್ರೆಟರಿ. ಹೊಳಲ್ಕೆರೆ ತಾಲ್ಲೂಕಿನ ಗುಡ್ಡಗಳ ಗಾಳಿಯಂತ್ರ ನೋಡಿಕೊಳ್ಳುವ, ರಾಮಗಿರಿಯಲ್ಲಿ ಮನೆ ಮಾಡಿದ್ದ ಟೆಕ್ನೀಷಿಯನ್. ಮೂರನೆಯವರು ಹಿರಿಯೂರು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮೇಡಂ. ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ಮೈಕಿನಲ್ಲಿ ಕೂಗುವುದು, ತಡವಾಗಿ ಬಂದ ಡ್ರೈವರನ್ನು ಕಿಟಕಿಯಿಂದಲೇ ವಿಚಾರಿಸುವುದು ಅವರ ಉದ್ಯೋಗ.

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ನೆಟ್ ನಡೆಸುತ್ತಿದ್ದೆ. ನೆಟ್ ಎಂದರೆ ಎಲ್ಲರೂ ಒಂದೇ ತರಂಗದಲ್ಲಿ ಸೇರಿ ಹಾಜರಿ ಹೇಳುವುದು. ಒಬ್ಬರು ಕಂಟ್ರೋಲ್ ಆಗಿರುತ್ತಾರೆ, ಅವರು ಕರೆದಾಗ ಉಳಿದವರು ಮಾತಾಡಬೇಕು. ಕಂಟ್ರೋಲ್ ಯಾವಾಗಲೂ ನಾನೇ. ಮೂರು ನಿಯಮ ಬರೆದು ಎಲ್ಲರ ಸೆಟ್ಟಿನ ಹಿಂದೆ ಅಂಟಿಸಿದ್ದೆ. ಮೊದಲು ಕರೆಗುರುತು, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ನಿಮ್ಮ ಅಕ್ಷರಗಳು, ಹೇಳಿ, ಆಮೇಲೆ ವಿಷಯ. ಬೇರೆಯವರ ಮಾತಿನ ನಡುವೆ ಬಾಯಿ ಹಾಕಬೇಡಿ, ಅಪಾಯವಿದ್ದರೆ ಮಾತ್ರ ‘ಬ್ರೇಕ್’ ಅನ್ನಿ. ಮನೆಯ ವಿಷಯ ಬೇಡ.

ಮೂರನೆಯದು ಡೇರಿ ಸೆಕ್ರೆಟರಿಯ ಕಾರಣಕ್ಕೆ ಹುಟ್ಟಿದ ನಿಯಮ. ಒಂದು ಭಾನುವಾರ ಅವನೂ ಟೆಕ್ನೀಷಿಯನ್ನೂ ಯಾರದೋ ನಿಶ್ಚಿತಾರ್ಥದ ಊಟದ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದರು. “ಇದು ನಿಮ್ಮ ಜಗಲಿ ಅಲ್ಲ, ಅಕ್ಕ ತಂಗಿ ಸುದ್ದಿ ಮನೇಲಿ ಇಟ್ಕಳ್ರಿ” ಎಂದು ಎಲ್ಲರಿಗೂ ಕೇಳುವಂತೆ ಗದರಿದ್ದೆ. ಸೆಕ್ರೆಟರಿ, “ತಪ್ಪಾತು ಸಾರ್” ಅಂದಿದ್ದ. ಅವನು ಮೆದು ಸ್ವಭಾವದವನು. ದೊಡ್ಡವರು ಮಾತಾಡುತ್ತಿದ್ದರೆ ಟೋಪಿ ತೆಗೆದು ನಿಲ್ಲುವ ಜಾತಿ. ಒಂದು ಅಭ್ಯಾಸದ ದಿನ ತನ್ನ ಬ್ಯಾಟರಿ ಹೋಗುತ್ತಿದೆ ಎಂದು ಹೇಳಲು ನನ್ನ ಪಾಠ ಮುಗಿಯಲಿ ಅಂತ ಒಂಬತ್ತು ನಿಮಿಷ ಕಾದಿದ್ದ. ನಾನು ಅದನ್ನು ಶಿಸ್ತು ಎಂದು ಹೊಗಳಿದೆ. ‘ಬ್ರೇಕ್’ ಎಂಬ ಪದ ಅವನಿಗೆ ಪರೀಕ್ಷೆಯಲ್ಲಿ ಬರೆಯಲು ಗೊತ್ತಿತ್ತು, ಬಾಯಲ್ಲಿ ಅನ್ನಲು ಬರುತ್ತಿರಲಿಲ್ಲ. ನಮ್ಮ ಕಡೆ ಹಿರಿಯರ ಮಾತು ಕಡಿಯುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಇದು ನನ್ನ ತಲೆಗೇ ಹೊಳೆಯಲಿಲ್ಲ.

ಕಂಟ್ರೋಲರ್ ಮೇಡಂ ಇದಕ್ಕೆ ತದ್ವಿರುದ್ಧ. ಕರೆಗುರುತು ಗಿರೆಗುರುತು ಏನಿಲ್ಲ, ಗುಂಡಿ ಒತ್ತಿದರೆ ನೇರ ವಿಷಯ. ಒಂದು ಭಾನುವಾರ ನಾನು ಹಾಜರಿ ಕರೆಯುವ ಮುಂಚೆಯೇ ಅವರ ದನಿ ಬಂತು.

“ಹೊಸದುರ್ಗ, ಏನೈತೆ ಬೇಗ ಹೇಳ್ರಿ. ರಾಮಗಿರಿ, ನೀವು ರೆಡಿ ಇರ್ರಿ. ನನಗೆ ಏಳೂ ಇಪ್ಪತ್ತಕ್ಕೆ ಗಾಡಿ ಬಿಡಬೇಕು.”

ನನಗೆ ಸುತ್ತು ಎಣಿಸುವಾಗ ಯಾರೋ ಭುಜ ಅಲ್ಲಾಡಿಸಿದ ಹಾಗಾಯಿತು. “ಮೇಡಂ, ಇದು ಬಸ್ ಸ್ಟ್ಯಾಂಡ್ ಅಲ್ಲ. ಕಂಟ್ರೋಲ್ ನಾನು. ನಿಯಮ ಓದ್ಕಂಡು ಬರ್ರಿ, ಆಮೇಲೆ ಗುಂಡಿ ಒತ್ರಿ” ಅಂದೆ.

“ಆತು ಬಿಡ್ರಿ” ಎಂದಷ್ಟೇ ಕೇಳಿಸಿತು. ಮುಂದಿನ ನಾಲ್ಕು ಭಾನುವಾರ ಹಿರಿಯೂರಿನಿಂದ ಹಾಜರಿ ಇಲ್ಲ. ಒಳಗೊಳಗೆ ನನಗೆ ಕಸಿವಿಸಿ ಆಗುತ್ತಿತ್ತು, ಆದರೆ ಫೋನ್ ಮಾಡಲು ಬಿಂಕ ಬಿಡಲಿಲ್ಲ. ಹೋದರೆ ಹೋಗಲಿ, ಶಿಸ್ತು ಇದ್ದವರು ಇಬ್ಬರು ಸಾಕು ಎಂದುಕೊಂಡೆ.

ಆ ಹಿಂಗಾರಿನಲ್ಲಿ ಎರಡು ದಿನ ಬಿಡದೆ ಮಳೆ ಹಿಡಿಯಿತು. ಎರಡನೇ ರಾತ್ರಿ ಎರಡು ಗಂಟೆ ಹೊತ್ತಿಗೆ ಹೊಸದುರ್ಗದ ಕಡೆ ಕರೆಂಟು ಹೋಯಿತು. ಟವರುಗಳ ಬ್ಯಾಟರಿ ಮೂರು ನಾಲ್ಕು ಗಂಟೆ ತಡೆದು ಅವೂ ಸುಮ್ಮನಾದವು. ಆರೂವರೆಗೆ ಆ ಅಧಿಕಾರಿ ಜೀಪು ಕಳಿಸಿದರು. ನಾನು ಸೆಟ್ಟು, ಕಾರಿನ ಬ್ಯಾಟರಿ, ಏರಿಯಲ್ ಹೊತ್ತುಕೊಂಡು ಅವರ ಕಚೇರಿಗೆ ಹೋದೆ. ಏರಿಯಲ್ಲನ್ನು ತಾರಸಿಯ ನೀರಿನ ಪೈಪಿಗೆ ಕಟ್ಟುತಂತಿಯಿಂದ ಬಿಗಿದೆ, ಕೇಬಲ್ಲನ್ನು ಕಿಟಕಿಯಿಂದ ಇಳಿಬಿಟ್ಟೆ. ಅಗ್ನಿಶಾಮಕದ ಒಂದು ಗಾಡಿ ಹೊಸದುರ್ಗದ ಹಳ್ಳಿಗಳ ಕಡೆ ಹೊರಟಿತ್ತು. ಟೆಕ್ನೀಷಿಯನ್ ರಾಮಗಿರಿಯಲ್ಲಿ ಅದನ್ನು ಹತ್ತಿ ಸೆಟ್ ಹಿಡಿದು ಕುಳಿತ. ಡೇರಿ ಸೆಕ್ರೆಟರಿ ಹಾಲಿನ ಕ್ಯಾನು ಇಳಿಸಿ, ಕೈಸೆಟ್ಟು ತೆಗೆದುಕೊಂಡು ತನ್ನೂರಿನ ಕೆರೆ ಏರಿ ಮೇಲೆ ನಿಂತ. ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೋಡಿ ನೀರು ಊರಿನ ಪಕ್ಕದ ಹಳ್ಳದಲ್ಲಿ ಇಳಿದು, ಎರಡು ಮೂರು ಕಿಲೋಮೀಟರು ತೋಟಗಳ ನಡುವೆ ಹರಿದು ವೇದಾವತಿ ಸೇರುತ್ತದೆ.

ಏಳು ಗಂಟೆಗೆ ಹಾಜರಿ ಕರೆದೆ. ಹೊಸದುರ್ಗ ಬಂತು, ಗಾಡಿ ಬಂತು. ಮುಗಿಸುವಷ್ಟರಲ್ಲಿ ನಾನು ಕರೆಯದ ದನಿಯೊಂದು ಬಂತು.

“ಹಿರಿಯೂರು ಇದೀನಿ. ತಾಲ್ಲೂಕು ಆಫೀಸಿನೋರು ಒಬ್ಬರು ಪಕ್ಕದಾಗೆ ಕುಂತವ್ರೆ. ಏನ್ ಬರ್ಕಬೇಕು ಹೇಳ್ರಿ.”

ಮೊದಲು ಕರೆಗುರುತು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಸಂತೋಷವಾಯಿತು, ಆದರೆ ಅದನ್ನು ಹೇಳಲಿಲ್ಲ.

ಎಂಟು ಗಂಟೆಗೆ ಮೊದಲ ಪೆಟ್ಟು ಬಿತ್ತು. ರಿಪೀಟರ್ ಹತ್ತು ನಿಮಿಷಕ್ಕೊಮ್ಮೆ ತನ್ನ ಗುರುತನ್ನು ಮೋರ್ಸ್ ದನಿಯಲ್ಲಿ ಹೇಳುತ್ತದೆ. ಬ್ಯಾಟರಿ ಇಳಿದರೆ ಕೊನೆಗೆ ಒಂದು ಬೀಪ್ ಸೇರುವ ಹಾಗೆ ನಾನೇ ಮಾಡಿದ್ದೆ. ಆ ಬೀಪ್ ಬಂತು. ಮೂರು ದಿನ ಬಿಸಿಲೇ ಇಲ್ಲ, ಬ್ಯಾಟರಿ ತುಂಬುವುದು ಎಲ್ಲಿಂದ? ಯಾರು ಮಾತಾಡಿದರೂ ಗುಡ್ಡದ ಮೇಲಿನ ಬ್ಯಾಟರಿ ಖರ್ಚಾಗುತ್ತದೆ. ಇನ್ನು ಒಂದೂವರೆ ಗಂಟೆಯ ಮಾತು ಉಳಿದಿರಬಹುದು ಎಂದು ಲೆಕ್ಕ ಹಾಕಿದೆ. ಗುಡ್ಡ ಹತ್ತಿ ಬ್ಯಾಟರಿ ಬದಲಿಸಲು ದಾರಿಯೇ ಕೊಚ್ಚಿಹೋಗಿತ್ತು. ಎಲ್ಲರಿಗೂ ಚುಟುಕಾಗಿ ಹೇಳಿ ಎಂದೆ.

ಅಷ್ಟರಲ್ಲಿ ಅಧಿಕಾರಿ ನನ್ನ ಪಕ್ಕದ ಕುರ್ಚಿಗೆ ಬಂದು ಮೈಕು ಕೇಳಿದರು. ಹಿರಿಯೂರಿನಲ್ಲಿ ಗಂಜಿಕೇಂದ್ರ ತೆರೆಯಲು ಏನೇನು ಬೇಕು ಎಂಬ ಪಟ್ಟಿ ಅವರ ಕೈಯಲ್ಲಿತ್ತು. ಅಕ್ಕಿ, ಬೇಳೆ, ಚಾಪೆ, ಟಾರ್ಪಾಲು, ಯಾವ ಶಾಲೆಗೆ ಎಷ್ಟು. ಬೇಕಾದ ಪಟ್ಟಿಯೇ, ಕೆಟ್ಟ ಉದ್ದೇಶ ಇರಲಿಲ್ಲ. ಆ ಮನುಷ್ಯ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಬ್ಯಾಟರಿ ವಿಷಯ ನಾನು ಅವರಿಗೆ ಹೇಳಬೇಕಿತ್ತು. ಮಾತಿನ ನಡುವೆ ಗುಂಡಿ ಬಿಟ್ಟು ಬೇರೆ ಊರಿನವರಿಗೂ ಜಾಗ ಕೊಡಿ ಎಂದೂ ಹೇಳಬೇಕಿತ್ತು. ಸಾಹೇಬರಿಗೆ ಹೇಗೆ ಹೇಳುವುದು ಎಂದು ನಾನೂ ಕೈ ಕಟ್ಟಿಕೊಂಡು ಕುಳಿತೆ. ಊರಿಗೆಲ್ಲ ಬೈಯುವ ಬಾಯಿ ಆ ಹೊತ್ತಿನಲ್ಲಿ ಬೀಗ ಹಾಕಿಕೊಂಡಿತು.

ಅವರು ಓದುತ್ತ ಹೋದರು. ನಡುನಡುವೆ ಹಿರಿಯೂರಿನಿಂದ, “ಬರ್ಕಂಡೆ, ಮುಂದೆ,” “ಬರ್ಕಂಡೆ, ಬೇಗ,” ಎಂದು ಕೇಳಿಸುತ್ತಿತ್ತು. ಪಟ್ಟಿ ಮುಗಿಯಿತು. ನಾನು ಹೊಸದುರ್ಗವನ್ನು ಕರೆದೆ.

“ನಮಸ್ಕಾರ ಸಾರ್” ಎಂದ ಸೆಕ್ರೆಟರಿ. ಕರೆಗುರುತನ್ನು ಅಕ್ಷರ ಅಕ್ಷರವಾಗಿ, ನಾನು ಕಲಿಸಿದ ಹಾಗೆಯೇ ಹೇಳಿದ. ಆಮೇಲೆ, “ತೂಬಿನ ಪಕ್ಕ ಏರಿ ಕುಸೀತೈತೆ ಸಾರ್. ಒಳಗಿಂದ ಕೆಂಪು ನೀರು ಬರ್ತೈತೆ” ಅಂದ.

ಏರಿಯ ಹೊರಮೈಯಿಂದ ಕೆಂಪು ನೀರು ಬಂದರೆ ನೀರು ಮಣ್ಣನ್ನು ಕೊರೆದುಕೊಂಡು ಬರುತ್ತಿದೆ ಎಂದು ಅರ್ಥ. ಅಂಥ ಏರಿ ಇನ್ನು ಬಹಳ ಹೊತ್ತು ನಿಲ್ಲುವುದಿಲ್ಲ. “ಯಾವಾಗಿಂದ?” ಎಂದೆ.

“ಹನ್ನೊಂದು ನಿಮಿಷ ಆತು ಸಾರ್.”

“ಹನ್ನೊಂದು ನಿಮಿಷದಿಂದ ಯಾಕ್ರಿ ಹೇಳಲಿಲ್ಲ?”

“ಸಾಹೇಬ್ರು ಮಾತಾಡ್ತಿದ್ರಲ್ಲ ಸಾರ್.”

ಸಮಯ ಬರೆಯುವ ಲಾಗ್ ಪುಸ್ತಕದಲ್ಲಿ ಹನ್ನೊಂದು ನಿಮಿಷ ಎಂದು ಬರೆದೆ. ಅವನು ನನ್ನ ನಿಯಮವನ್ನು ಒಂದಕ್ಷರ ಬಿಡದೆ ಪಾಲಿಸಿದ್ದ. ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳುವ ಹಾಗಿರಲಿಲ್ಲ. ಕೂಡಲೇ ಗಾಡಿಯನ್ನು ಕರೆದೆ. ಟೆಕ್ನೀಷಿಯನ್ ಒಂದು ಕವಲು ದಾರಿಯಲ್ಲಿದ್ದ. ಎಡಕ್ಕೆ ಹೋದರೆ ಸೆಕ್ರೆಟರಿಯ ಊರು. ಬಲಕ್ಕೆ ಹೋದರೆ ಹಳ್ಳದ ಆಚೆ ದಡದ ತೆಂಗಿನ ತೋಟಗಳು. ಎಡಕ್ಕೆ ನಡೀರಿ ಎಂದೆ. ನೀರು ನುಗ್ಗಬಹುದಾದ ಊರುಗಳೆಂದು ಕಚೇರಿಯವರು ನನಗೆ ಕೊಟ್ಟಿದ್ದ ಪಟ್ಟಿಯಲ್ಲಿ ಆ ಊರು ಇತ್ತು. ತೋಟಗಳಲ್ಲಿ ಯಾರೂ ವಾಸವಿಲ್ಲ ಎಂದೇ ಪಟ್ಟಿಯಲ್ಲಿ ಬರೆದಿತ್ತು.

ಅಧಿಕಾರಿ ಮತ್ತೆ ಮೈಕು ತೆಗೆದುಕೊಂಡು ನೇರವಾಗಿ ಸೆಕ್ರೆಟರಿಯನ್ನು ವಿಚಾರಿಸಿದರು. ಎಷ್ಟು ಅಗಲ ಕುಸಿದಿದೆ, ಊರಿನವರು ಎಲ್ಲಿ? ಅವನ ದನಿ ಇನ್ನಷ್ಟು ಚಿಕ್ಕದಾಯಿತು. “ಒಂದು ಗಾಡಿ ಅಗಲ ಸಾರ್. ಊರೋರೆಲ್ಲ ಸ್ಕೂಲ್ ದಿಬ್ಬಕ್ಕೆ ಹೋಗವ್ರೆ ಸಾರ್. ಎಲ್ಲಾ ಸರಿ ಐತೆ ಸಾರ್.”

ಮಾತು ಮುಗಿಯಿತು. ಆಮೇಲೆ ಸ್ಪೀಕರಿನಲ್ಲಿ ಗುಂಡಿ ಒತ್ತಿದ ಸದ್ದು ಬಂತು. ಮಾತು ಬರಲಿಲ್ಲ. ಗುಂಡಿ ಬಿಟ್ಟ ಸದ್ದು. ಮತ್ತೆ ಒತ್ತಿದ ಸದ್ದು, ಮತ್ತೆ ಬಿಟ್ಟದ್ದು. ಹಿಂದೆ ನೀರಿನ ಭೋರ್ಗರೆತ ಮಾತ್ರ ಒಂದು ಕ್ಷಣ ಕೇಳಿಸಿತು.

“ಹೊಸದುರ್ಗ, ಇನ್ನೇನಾದ್ರೂ ಇದೆಯಾ?” ಎಂದೆ.

“ಇಲ್ಲ ಸಾರ್.”

ಮತ್ತೆ ಗುಂಡಿ ಒತ್ತಿದ ಸದ್ದು ಬಂತು.

ಇಪ್ಪತ್ತು ವರ್ಷ ಸೆಟ್ಟಿನ ಮುಂದೆ ಕುಳಿತವನಿಗೆ ಅಷ್ಟು ಗೊತ್ತಾಗುತ್ತದೆ. ಅವನಿಗೆ ಏನೋ ಹೇಳುವುದಿತ್ತು, ನನ್ನ ದನಿ ಕೇಳಿದ ಕೂಡಲೇ ಅದು ಒಳಗೆ ಹೋಗುತ್ತಿತ್ತು. ನಾನು ಎಷ್ಟು ಮೆತ್ತಗೆ ಕೇಳಿದರೂ ಅವನಿಗೆ ಅದು ಗದರಿದವನ ದನಿಯೇ. ಪಕ್ಕದಲ್ಲಿ ಸಾಹೇಬರು ಬೇರೆ. ನಾವಿಬ್ಬರೂ ಆ ಮೈಕಿನ ಹತ್ತಿರ ಇರುವ ತನಕ ಅವನು ಬಾಯಿ ಬಿಡುವುದಿಲ್ಲ ಎಂದು ಖಾತ್ರಿಯಾಯಿತು. ಕಂಟ್ರೋಲ್ ಬಿಟ್ಟುಕೊಡುವುದು ಎಂದರೆ ನನ್ನ ಕೈಯಿಂದ ತಂತಿ ಸುರುಳಿ ಕಿತ್ತುಕೊಂಡ ಹಾಗೆ. ಆದರೂ ಗುಂಡಿ ಒತ್ತಿದೆ.

“ಹಿರಿಯೂರು. ಮೇಡಂ, ಕಂಟ್ರೋಲ್ ನೀವು ತಗಳ್ರಿ.”

“ಇದು ಬಸ್ ಸ್ಟ್ಯಾಂಡ್ ಅಲ್ಲ ಅಂದಿದ್ರಿ.”

“ಅಂದಿದ್ದೆ. ತಪ್ಪು ನಂದು. ಹೊಸದುರ್ಗದೋರು ಏನೋ ಹೇಳಬೇಕು ಅಂತವ್ರೆ, ನನಗೆ ಹೇಳ್ತಿಲ್ಲ. ಕೇಳ್ರಿ.”

“ಆತು. ಎಲ್ಲಾರೂ ಕೇಳಿಸ್ಕಳ್ರಿ. ಇನ್ನು ನಾನು ಹೆಸರು ಕರೆದೋರು ಮಾತಾಡ್ರಿ, ಉಳಿದೋರು ಗುಂಡಿ ಬಿಡ್ರಿ. ಗಾಡಿ, ಎಲ್ಲಿದೀರಿ?”

“ಎಡಕ್ಕೆ ಹೊಳ್ಳಿದೀವಿ ಮೇಡಂ, ಅರ್ಧ ಕಿಲೋಮೀಟರ್ ಬಂದಿದೀವಿ.”

ಅಧಿಕಾರಿ ನನ್ನ ಕೈಯಿಂದ ಮೈಕು ತೆಗೆದುಕೊಂಡು, ಪಟ್ಟಿಯಲ್ಲಿ ಒಂದು ಶಾಲೆಯ ಹೆಸರು ಬಿಟ್ಟುಹೋಗಿದೆ ಎಂದು ಶುರು ಮಾಡಿದರು. ಅವರು ಗುಂಡಿ ಬಿಟ್ಟ ಅರೆಕ್ಷಣದಲ್ಲಿ ಮೇಡಂ ದನಿ ನುಗ್ಗಿತು.

“ಸಾಹೇಬ್ರೇ, ಸ್ವಲ್ಪ ತಡೀರಿ. ಮೊದ್ಲು ನೀರಿನೋರು, ಆಮೇಲೆ ಅಕ್ಕಿಯೋರು.”

ಅಧಿಕಾರಿ ನನ್ನ ಮುಖ ನೋಡಿದರು. ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅವರಿಗೆ ಕೋಪ ಬಂದಿರಲಿಲ್ಲ, ಬದಲಿಗೆ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.

“ಡೇರಿ ಅಣ್ಣಾ,” ಎಂದರು ಮೇಡಂ. ಕರೆಗುರುತೂ ಇಲ್ಲ, ಸ್ಥಳನಾಮವೂ ಇಲ್ಲ. “ಊರೋರು ದಿಬ್ಬದ ಮೇಲವ್ರೆ, ಸರಿ. ಕೆಳಗೆ ಯಾರವ್ರೆ?”

ಗುಂಡಿ ಒತ್ತಿದ ಸದ್ದು. “ಕೆಳಗೆ ಊರಿಲ್ಲ ಮೇಡಂ.”

“ಊರು ಕೇಳಲಿಲ್ಲ ಕಣಣ್ಣ. ಜನ ಯಾರವ್ರೆ ಅಂತ ಕೇಳ್ದೆ. ದಿನಾ ನೂರು ಜನ ಕಿಟಕಿ ತಾವ ಬಂದು ಏನೂ ಇಲ್ಲ ಅಂತಾರೆ, ನನಗೆ ಗೊತ್ತಾಗ್ತೈತೆ. ಹೇಳ್ರಿ.”

ಗುಂಡಿ ಎರಡು ಸಲ ಒತ್ತಿ ಬಿಟ್ಟ ಸದ್ದು. ಆಮೇಲೆ ಅವನ ದನಿ ಒಡೆದು ಬಂತು. “ಅದು ನಮ್ಮ ಮನೆ ವಿಷ್ಯ ಮೇಡಂ. ಇದ್ರಾಗೆ ಹೇಳಬಾರ್ದು. ನಮ್ಮಕ್ಕನೋರು ಹಳ್ಳದ ಆಚೆ ತೋಟದಾಗೆ ಕುರಿ ತರುಬವ್ರೆ. ಐದು ಗುಡಾರ. ಮಕ್ಳೂ ಅವ್ರೆ.”

ನಮ್ಮ ಸೀಮೆಯಲ್ಲಿ ತೋಟಕ್ಕೆ ಗೊಬ್ಬರವಾಗಲಿ ಎಂದು ತೋಟದವರು ಕುರಿಗಾರರನ್ನು ಕರೆಸಿ ಕೆಲವು ದಿನ ಕುರಿ ತರುಬಿಸುತ್ತಾರೆ, ಮಂದೆಯನ್ನು ಅಲ್ಲೇ ಕೂಡಿ ಮಲಗಿಸುತ್ತಾರೆ. ಇಂದು ಈ ತೋಟ, ನಾಲ್ಕು ದಿನಕ್ಕೆ ಇನ್ನೊಂದು. ಯಾವ ಪಟ್ಟಿಯಲ್ಲಿ ಇವರ ಹೆಸರು ಬರುತ್ತದೆ? ಅವನು ಏರಿ ಮೇಲೆ ನಿಂತು ಅಷ್ಟು ಹೊತ್ತೂ ಆ ಕಡೆಯೇ ನೋಡುತ್ತಿದ್ದ. ನಡುವೆ ಹಳ್ಳ ತುಂಬಿ ದಾಟುವ ಹಾಗಿರಲಿಲ್ಲ, ಕೂಗಿದರೆ ಕೇಳುವ ದೂರವೂ ಅಲ್ಲ. ಅವನ ಕೈಯಲ್ಲಿ ಇದ್ದದ್ದು ಒಂದೇ ದಾರಿ, ಆ ಸೆಟ್ಟು. ಅದರ ಬೆನ್ನಿಗೆ ನನ್ನ ಚೀಟಿ ಅಂಟಿತ್ತು.

ಮೇಡಂ ಒಂದು ಮಾತೂ ವ್ಯರ್ಥ ಮಾಡಲಿಲ್ಲ. “ಗಾಡಿ, ಹಿಂದಕ್ಕೆ ಹೊಳ್ಳಿಸ್ರಿ. ಕವಲು ತಾವ ಬಲಕ್ಕೆ. ಹಳ್ಳದ ದಡದ ತೆಂಗಿನ ತೋಟ, ಐದು ಗುಡಾರ, ಮಕ್ಳು ಅವ್ರೆ. ಡೇರಿ ಅಣ್ಣಾ, ಯಾವ ತೋಟ ಅಂತ ಗುರುತು ಹೇಳ್ರಿ.”

ಅವನು ಹೇಳಿದ. ಈ ಸಲ ಸಾರ್ ಇಲ್ಲ, ನಮಸ್ಕಾರ ಇಲ್ಲ. ಕೆಂಪು ಹೆಂಚಿನ ಪಂಪ್ ಮನೆ, ಅದರ ಹಿಂದೆ ಹುಣಸೆ ಮರ, ಮಣ್ಣು ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಹುಣಸೆ ಮರದ ತಾವ ನಿಲ್ಲಿಸಿ ಓಡ್ರಿ. ಆಮೇಲೆ ಪ್ರತಿ ಎರಡು ನಿಮಿಷಕ್ಕೆ ಮೇಡಂ ಇಬ್ಬರನ್ನೂ ಸರದಿಯಂತೆ ಕರೆದರು. “ಗಾಡಿ?” “ಕವಲು ದಾಟಿದ್ವಿ.” “ಡೇರಿ ಅಣ್ಣಾ, ಏರಿ?” “ಎರಡು ಗಾಡಿ ಅಗಲ ಆತು.” ಮಾತೆಲ್ಲ ಅಷ್ಟಷ್ಟೇ. ಒಂದೊಂದು ಸಲಕ್ಕೆ ಐದಾರು ಸೆಕೆಂಡು. ಗುಡ್ಡದ ಮೇಲಿನ ಬ್ಯಾಟರಿಯ ಬಗ್ಗೆ ನಾನು ಯಾರಿಗೂ ಮತ್ತೆ ನೆನಪಿಸಬೇಕಾಗಲಿಲ್ಲ. ನಾನು ಸಮಯ ಬರೆದುಕೊಳ್ಳುತ್ತ ಕುಳಿತೆ. ಬೇರೆ ಏನೂ ಮಾಡಲು ಇಲ್ಲದ್ದು ಎಂಥ ಹಿಂಸೆ ಎಂದು ಅವತ್ತು ತಿಳಿಯಿತು.

“ಹುಣಸೆ ಮರ ಬಂತು, ಇಳಿದ್ವಿ” ಎಂದ ಟೆಕ್ನೀಷಿಯನ್. ಆಮೇಲೆ ಅವನಿಂದ ದನಿ ಇಲ್ಲ. ಓಡುವವನು ಗುಂಡಿ ಒತ್ತಲಾರ. ಮೇಡಂ ಅವನನ್ನು ಕರೆಯಲಿಲ್ಲ. ಸೆಕ್ರೆಟರಿಯನ್ನು ಮಾತ್ರ ಕರೆಯುತ್ತ ಹೋದರು. ಮೂರನೇ ಸಲಕ್ಕೆ ಅವನು, “ಹೋತು ಮೇಡಂ. ಏರಿ ಹೋತು” ಅಂದ.

ನೀರು ಅಲ್ಲಿಂದ ತೋಟ ಮುಟ್ಟಲು ಹತ್ತು ನಿಮಿಷವೋ ಹದಿನೈದು ನಿಮಿಷವೋ, ಯಾರಿಗೂ ಗೊತ್ತಿಲ್ಲ. ನಾನು ದೇವರನ್ನು ನಂಬುವವನಲ್ಲ ಎಂದು ಅಂಗಡಿಯಲ್ಲಿ ಜಂಬ ಕೊಚ್ಚುತ್ತೇನೆ. ಅವತ್ತು ಮನೆದೇವರಿಗೆ ಹರಕೆ ಹೊತ್ತೆ.

ಗಡಿಯಾರ ನೋಡಿ ಬರೆದಿದ್ದೇನೆ, ಹದಿನಾಲ್ಕು ನಿಮಿಷದ ಮೇಲೆ ಟೆಕ್ನೀಷಿಯನ್ ದನಿ ಬಂತು. ಏದುಸಿರು. “ಇಪ್ಪತ್ತೆರಡು ಜನ. ಎಲ್ಲಾ ತೋಟದ ಹಿಂದಿನ ದಿಬ್ಬದ ಮೇಲೆ. ಮಕ್ಳು ಎಲ್ಲಾ ಅವ್ರೆ.”

“ಡೇರಿ ಅಣ್ಣಾ, ಕೇಳಿಸ್ತಾ?” ಎಂದರು ಮೇಡಂ.

ಗುಂಡಿ ಒತ್ತಿದ ಸದ್ದು ಬಂತು. ಅವನು ಅಳುತ್ತಿದ್ದ. ಅಷ್ಟು ಹೊತ್ತು ಮೇಡಂ ಅವನನ್ನು ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಒಂಬತ್ತೂವರೆ ಸುಮಾರಿಗೆ ರಿಪೀಟರ್ ಸತ್ತಿತು.

ಜನ ಉಳಿದರು. ದೊಡ್ಡ ಕುರಿಗಳಲ್ಲಿ ಬಹುಪಾಲು ಓಡಿಸಿದ್ದರು. ಮರಿಗಳನ್ನು ಬೇರೆಯಾಗಿ, ಗೂಟ ಹೊಡೆದು ಕಟ್ಟಿದ ಬಲೆಯೊಳಗೆ ಕೂಡಿದ್ದರು. ಅದನ್ನು ಬಿಚ್ಚುವಷ್ಟು ಹೊತ್ತು ಸಿಗಲಿಲ್ಲ, ಮರಿಗಳು ನೀರುಪಾಲಾದವು. ಹನ್ನೊಂದು ನಿಮಿಷ ಮುಂಚೆ ಗೊತ್ತಾಗಿದ್ದರೆ ಬಿಚ್ಚಬಹುದಿತ್ತು. ಇದನ್ನು ಯಾರೂ ನನ್ನ ಮುಂದೆ ಹೇಳಲಿಲ್ಲ.

ಆಮೇಲಿನ ಭಾನುವಾರಗಳ ನೆಟ್‌ಗೆ ಮೇಡಂ ಅವರೇ ಕಂಟ್ರೋಲ್. ಮೂರು ನಿಯಮದ ಚೀಟಿಗಳನ್ನು ನಾನೇ ಕಿತ್ತುಹಾಕಿದೆ. ಬೇರೆ ಊರುಗಳಿಂದ ಹೊಸಬರೂ ಬರತೊಡಗಿದರು. ಆದರೆ ಹೊಸದುರ್ಗದ ಡೇರಿ ಸೆಕ್ರೆಟರಿ ಬರಲಿಲ್ಲ. ಎರಡು ವಾರ ಕಳೆದ ಮೇಲೆ ಅಂಗಡಿಗೆ ಬಂದು ಸೆಟ್ಟನ್ನು ಮೇಜಿನ ಮೇಲೆ ಇಟ್ಟ.

“ಇದು ನನಗೆ ಬ್ಯಾಡ ಸಾರ್.”

“ಕುಂತ್ಕಳಪ್ಪ” ಎಂದೆ. ಅವನು ನಿಂತೇ ಇದ್ದ.

“ನಮ್ಮಕ್ಕ ಒಂದೇ ಮಾತು ಕೇಳಿದ್ಳು ಸಾರ್. ನಿನ್ ಕೈಯಾಗೇ ಇತ್ತಲ್ಲೋ, ಯಾಕೆ ಹೇಳಲಿಲ್ಲ ಅಂತ. ನನ್ನ ತಾವ ಉತ್ತರ ಇಲ್ಲ.”

“ಉತ್ತರ ನನ್ನ ಹತ್ತಿರ ಇದೆ. ನಿಯಮ ನಂದು.”

“ನಿಯಮ ನಿಮ್ದೇ ಸಾರ್. ಸುಮ್ನಿದ್ದೋನು ನಾನು.” ಅಷ್ಟು ಹೇಳಿ ಹೋದ. ಬೈದು ನಿಲ್ಲಿಸಿಕೊಳ್ಳುವುದು ನನಗೆ ಗೊತ್ತಿತ್ತು. ಕೇಳಿಕೊಂಡು ನಿಲ್ಲಿಸಿಕೊಳ್ಳುವುದು ಗೊತ್ತಿರಲಿಲ್ಲ.

ಅವನನ್ನು 'ಬಾ' ಎನ್ನುವ ಹಕ್ಕು ನನಗಿಲ್ಲ ಅನ್ನಿಸಿತು. ಅವನ ಅಕ್ಕನಿಗೆ ನಡೆದದ್ದನ್ನು ಹೇಳುವ ಋಣವಂತೂ ಇತ್ತು. ಅವನು ಬಿಟ್ಟುಹೋದ ಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು, ವಿಚಾರಿಸಿಕೊಂಡು ಹೋದೆ. ಹಿರಿಯೂರು ರಸ್ತೆಯ ಕಡೆ, ಬೇರೊಂದು ತೋಟದಲ್ಲಿ ಮಂದೆ ಇಳಿದಿತ್ತು. ಆಕೆ ಒಂದು ಕುರಿಯ ಕಾಲು ಮಡಿಸಿ ಹಿಡಿದು ಗೊರಸು ಕೆತ್ತುತ್ತಿದ್ದರು. ನಾನು ಯಾರು ಎಂದು ಹೇಳಿದೆ. ನಿಮ್ಮ ತಮ್ಮನದು ತಪ್ಪಿಲ್ಲ, ಮಾತಾಡಬೇಡ ಎಂದು ಕಲಿಸಿದವನು ನಾನು ಎಂದೆ.

ಆಕೆ ಕೈ ನಿಲ್ಲಿಸದೆ ಕೇಳಿದರು. “ಏನಂತ ಕಲ್ಸಿದ್ರಿ?”

“ಅದರಲ್ಲಿ ಮನೆ ವಿಷಯ ಹೇಳಬಾರದು ಅಂತ.”

ಕುರಿಯ ಕಾಲು ಬಿಟ್ಟು ನನ್ನನ್ನು ನೋಡಿದರು. “ಮನೆ ಬಿಟ್ಟು ನೀರು ಬ್ಯಾರೆ ಏನ್ ಒಯ್ತೈತೆ ಸಾರ್?”

ಆಕೆ ಇನ್ನೊಂದು ಕುರಿಯನ್ನು ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಚೀಲದ ಕಡೆ ಗಲ್ಲ ಎತ್ತಿ ತೋರಿಸಿದರು.

“ಅದೇನಾ ಅದು?”

“ಹೂಂ.”

“ಇಲ್ಲಿಟ್ಟು ಹೋಗ್ರಿ. ನಾಳೆ ಅವನು ಊಟ ತರ್ತಾನೆ. ನೀವು ಕೊಟ್ರೆ ತಗಳ್ಳಲ್ಲ, ನಾನು ಕೊಟ್ರೆ ತಗಂತಾನೆ.”

ಲೈಸೆನ್ಸ್ ಇಲ್ಲದವರ ಕೈಗೆ ಸೆಟ್ ಕೊಡಬಾರದು ಎಂಬುದು ಕಾನೂನು. ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಅದನ್ನು ಮೀರಿದವನಲ್ಲ, ಮೀರಿದವರನ್ನು ಸುಮ್ಮನೆ ಬಿಟ್ಟವನೂ ಅಲ್ಲ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಚಾಚಿದರು. ಕೊಟ್ಟು ಬಂದೆ.